ತೇಲುವ ಸಾಗವಾನಿ ತುಂಡನ್ನು ಅಳೆದದ್ದು

ಹೋದ ವರ್ಷ ಒಂಬತ್ತನೇ ತರಗತಿಯ ಹುಡುಗನೊಬ್ಬ ಸಾಗವಾನಿ ತುಂಡು ಹಿಡಿದುಕೊಂಡು ಬಂದ. ಅವರಪ್ಪ ಇಲ್ಲೇ ಧಾರವಾಡದಲ್ಲಿ ಬಡಗಿ. ಹಿಂದಿನ ದಿನ ಕಲ್ಲಿನ ಸಾಂದ್ರತೆ, ಅಂದರೆ ಒಂದು ಮಿಲಿಲೀಟರ್ ಗಾತ್ರಕ್ಕೆ ಎಷ್ಟು ಗ್ರಾಂ ಅಂತ ಅಳೆದಿದ್ದೆವು. ತೂಗಿದ್ದು, ಅಳತೆ ಜಾಡಿಗೆ ಹಾಕಿದ್ದು, ಏರಿದ ನೀರು ನೋಡಿದ್ದು, ಅಷ್ಟೇ. "ಮೇಡಂ, ಇದು ಮುಳುಗೂದೇ ಇಲ್ಲಲ್ರೀ, ಹೆಂಗ ಅಳೀಬೇಕು?" ಎಂದ. ಒಳ್ಳೆ ಪ್ರಶ್ನೆ. ತುಂಡನ್ನು ಮನೆಗೆ ತಂದೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ನೀರು ತುಂಬಿದ ಡಬರಿ ಇಟ್ಟು ಸೊನ್ನೆ ಮಾಡಿಕೊಂಡೆ. ತುಂಡು ಬಿಟ್ಟೆ, ತೇಲಿತು. ತಕ್ಕಡಿ 48 ಗ್ರಾಂ ತೋರಿಸಿತು. ಅದು ತುಂಡಿನ ತೂಕ. ಆಮೇಲೆ ಬೆರಳಿನಿಂದ ಒತ್ತಿ ಪೂರ್ತಿ ಮುಳುಗಿಸಿದೆ. 78 ಬಂತು. ಮುಳುಗಿದ ವಸ್ತು ತನ್ನ ಗಾತ್ರದಷ್ಟೇ ನೀರನ್ನು ಸರಿಸುತ್ತದೆ, ಸರಿದ ನೀರಿನ ತೂಕವನ್ನೇ ತಕ್ಕಡಿ ತೋರಿಸುತ್ತದೆ, ಒಂದು ಮಿಲಿಲೀಟರ್ ನೀರು ಹೆಚ್ಚುಕಡಿಮೆ ಒಂದು ಗ್ರಾಂ. ಹಾಗಾದರೆ ಗಾತ್ರ 78 ಮಿಲಿಲೀಟರ್ ಇರಬೇಕು. ಆದರೆ ಸ್ಕೇಲ್ ಹಿಡಿದು ಅಳೆದರೆ 6, 4, 3.1 ಸೆಂಟಿಮೀಟರ್. ಗುಣಿಸಿದರೆ 74 ಚಿಲ್ಲರೆ.

ಉಳಿದ ನಾಲ್ಕು ಗ್ರಾಂ ನನ್ನ ಬೆರಳಿನದು. ಬೆರಳ ತುದಿಯೂ ನೀರಿನೊಳಗೆ ಇತ್ತಲ್ವಾ, ಅದೂ ನೀರು ಸರಿಸಿತ್ತು. ಹಳೇ ಸೈಕಲ್ಲಿನ ಸ್ಪೋಕ್ ತಂದು ಅದರ ತುದಿಯಿಂದ ಒತ್ತಿದೆ. ಎರಡು ಮಿಲಿಮೀಟರ್ ದಪ್ಪದ ಕಡ್ಡಿ ಒಂದು ಸೆಂಟಿಮೀಟರ್ ಇಳಿದರೂ ಸರಿಸುವ ನೀರು 0.03 ಮಿಲಿಲೀಟರ್ ಮಾತ್ರ. ಈಗ 74 ಬಂತು. 48ನ್ನು 74ರಿಂದ ಭಾಗಿಸಿದರೆ 0.65. ಸಾಗವಾನಿಗೆ ಸರಿಯಾದ ಲೆಕ್ಕ.

ತರಗತಿಯಲ್ಲಿ ಮಾಡಿ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮೇಡಂ, ನೀವು ಜಾಸ್ತಿ ಒತ್ತಿದ್ರ ಜಾಸ್ತಿ ತೋರಸ್ತದಲ್ರೀ?" ಇಡೀ ಪ್ರಯೋಗದ ಜೀವ ಈ ಪ್ರಶ್ನೆಯಲ್ಲಿದೆ. ಅವಳ ಕೈಗೇ ಕಡ್ಡಿ ಕೊಟ್ಟೆ. ತುಂಡು ಪೂರ್ತಿ ಮುಳುಗಿದ ಮೇಲೆ ಇನ್ನೂ ಆಳಕ್ಕೆ ನೂಕಿದಳು. ಅಂಕಿ ಕದಲಲಿಲ್ಲ. ಕೆಳಗಿರುವುದು ಬರೀ ನೀರು. ಅದು ತುಂಡನ್ನು 74 ಗ್ರಾಂ ತೂಕದಷ್ಟು ಮೇಲಕ್ಕೆ ನೂಕುತ್ತದೆ. ಅದರಲ್ಲಿ 48 ತುಂಡಿನ ಸ್ವಂತ ತೂಕಕ್ಕೆ ಹೋಯಿತು. ಉಳಿದ 26 ಮಾತ್ರ ನಾವು ಒತ್ತಿ ಹಿಡಿಯಬೇಕು. ಅದಕ್ಕಿಂತ ಜಾಸ್ತಿ ಒತ್ತಿದರೆ ತುಂಡು ಕೆಳಗೆ ಹೋಗುತ್ತದೆ, ಅಷ್ಟೇ. ನೀರು ತುಂಡನ್ನು ಮೇಲಕ್ಕೆ ನೂಕಿದಷ್ಟೇ ತುಂಡೂ ನೀರನ್ನು ಕೆಳಕ್ಕೆ ನೂಕುತ್ತದೆ, ಅದೇ ತಕ್ಕಡಿಗೆ ತಲುಪುವುದು. ಕೊನೆಗೆ ತುಂಡು ಡಬರಿಯ ತಳ ಮುಟ್ಟಿತು, ಅಂಕಿ ಸರ್ರನೆ ಏರಿತು. ಅವಳಿಗೆ ಉತ್ತರ ಸಿಕ್ಕಿತು. ತಳ ಮುಟ್ಟಿದಾಗಿನ ಅಂಕಿ ಲೆಕ್ಕಕ್ಕೆ ಬರುವುದಿಲ್ಲ.

ಮಾವಿನ ಮರದ ತುಂಡು ನಮ್ಮನ್ನು ಸ್ವಲ್ಪ ಆಡಿಸಿತು. ಒತ್ತಿ ಹಿಡಿದರೆ 91, ಆಮೇಲೆ 90, 89 ಅಂತ ಇಳಿಯುತ್ತಲೇ ಹೋಯಿತು. ಮರದ ಸಣ್ಣ ತೂತುಗಳಿಂದ ಗಾಳಿ ಹೊರಬಂದು ನೀರು ಒಳಗೆ ಹೋಗುತ್ತಿತ್ತು. ಬೇರೆ ಒಣ ತುಂಡಿಗೆ ಮೇಣದಬತ್ತಿ ಉಜ್ಜಿದ ಮೇಲೆ ಅಂಕಿ ನಿಂತಿತು. ಇನ್ನೊಂದು ಮಾತು, ನಳದಿಂದ ಆಗಷ್ಟೇ ಹಿಡಿದ ನೀರು ಬೇಡ. ಅದರಲ್ಲಿನ ಗಾಳಿ ಗುಳ್ಳೆಗಳಾಗಿ ತುಂಡಿಗೆ ಅಂಟುತ್ತದೆ, ಗಾತ್ರ ಜಾಸ್ತಿ ಬರುತ್ತದೆ. ನಮ್ಮೂರಲ್ಲಿ ಹೇಗೂ ನೀರು ಬಂದ ದಿನ ಕೊಡ ತುಂಬಿಡುತ್ತೇವಲ್ಲ, ಆ ನಿಂತ ನೀರೇ ಒಳ್ಳೆಯದು.

ಸ್ಕೇಲಿನಿಂದ ಅಳೆಯಲಾಗದ ಬದನೆಕಾಯಿಯನ್ನೂ ಅಳೆದೆವು, 0.62 ಬಂತು. ಜೋಳದ ದಂಟಿನ ಬೆಂಡು ತೀರಾ ಹಗುರ. ಒಂದು ತುಂಡಿಗೆ ತಕ್ಕಡಿ ಅಲುಗಲೇ ಇಲ್ಲ, ಹತ್ತು ಹನ್ನೆರಡು ತುಂಡು ದಾರದಿಂದ ಕಟ್ಟಿ ಹಾಕಬೇಕಾಯಿತು. ಆ ಹುಡುಗನ ಪಟ್ಟಿಯಲ್ಲಿ ಈಗ ಏಳು ಮರಗಳಿವೆ. ಬೀಟೆಯ ತುಂಡೊಂದು ಬೇಕು ಅಂತ ಅವರಪ್ಪನ ಬೆನ್ನು ಬಿದ್ದಿದ್ದಾನೆ.