ಹುಳು ಕೂತ ಗಿಡವೇ ಅದರ ಊಟವಲ್ಲ

ಗರಗಸ ನೊಣ ನಿಜಕ್ಕೂ ನೊಣವಲ್ಲ, ಜೇನು ಮತ್ತು ಕಣಜಗಳ ಬಳಗದ್ದು. ಆದರೆ ಕಣಜದ ಹಾಗೆ ಸಪೂರ ಸೊಂಟ ಇರುವುದಿಲ್ಲ. ಹೆಣ್ಣು ತನ್ನ ಗರಗಸದಂಥ ಅಂಗದಿಂದ ಎಲೆಯನ್ನೋ ಎಳೆ ಕಾಂಡವನ್ನೋ ಸೀಳಿ ಒಳಗೆ ಮೊಟ್ಟೆ ಇಡುತ್ತದೆ.

ಇದರ ಮರಿಹುಳುಗಳನ್ನು ನಾನು ಎಷ್ಟೋ ದಿನ ಚಿಟ್ಟೆಯ ಮರಿ ಅಂದುಕೊಂಡೇ ನೋಡಿದ್ದೆ. ಈಗ ಹುಳು ಕಂಡರೆ ಮೊದಲು ಕಾಲು ಎಣಿಸುತ್ತೇನೆ. ಎದೆಯ ಮೂರು ಜೊತೆ ಕಾಲು ಬಿಡಿ, ಎರಡಕ್ಕೂ ಇರುತ್ತವೆ. ಹೊಟ್ಟೆಯ ಕೆಳಗಿನ ಮೆತ್ತನೆಯ ಕಾಲು ನೋಡಬೇಕು. ಚಿಟ್ಟೆ, ಪತಂಗದ ಮರಿಗೆ ಸಾಮಾನ್ಯವಾಗಿ 5 ಜೊತೆ ಅಥವಾ ಅದಕ್ಕಿಂತ ಕಮ್ಮಿ. ಎಲೆಯ ಮೇಲೆ ಮೇಯುವ ಗರಗಸ ನೊಣದ ಮರಿಗೆ 6ರಿಂದ 8. ಆಮೇಲೆ ಲೆನ್ಸ್‌ನಲ್ಲಿ ಮುಖ. ತಲೆಯ ಒಂದೊಂದು ಪಕ್ಕಕ್ಕೂ ಒಂದೇ ಕಪ್ಪು ಕಣ್ಣು, ಗುಂಡುಸೂಜಿ ಚುಚ್ಚಿಟ್ಟ ಹಾಗೆ. ಚಿಟ್ಟೆ ಮರಿಗೆ ಅಲ್ಲಿ ಪುಟ್ಟ ಕಣ್ಣುಗಳ ಗುಂಪೇ ಇರುತ್ತದೆ.

ಗಿಡದ ವಿಷಯದಲ್ಲಿ ಮಾತ್ರ ದೊಡ್ಡ ತಪ್ಪು ಮಾಡಿದೆ. ಮೂಲಂಗಿ ಸಾಲಿನ ನಡುವೆ, ಒಂದು ಕಳೆ ಗಿಡದ ಮೇಲೆ ಕಪ್ಪು ಹಸಿರಿನ ಹುಳುಗಳು ಸಿಕ್ಕವು. ಎಣಿಸಿದರೆ 8 ಜೊತೆ ಕಾಲು. ಖುಷಿಯಲ್ಲಿ ಆ ಕಳೆಯ ಹೆಸರನ್ನೇ ಬರೆದುಕೊಂಡು, ಡಬ್ಬಿಗೂ ಅದರ ಎಲೆಯನ್ನೇ ಹಾಕಿದೆ. ಹುಳುಗಳು ಮೂಸಿಯೂ ನೋಡಲಿಲ್ಲ, ಸತ್ತೇ ಹೋದವು. ತುಂಬ ಬೇಜಾರಾಯಿತು.

ಇನ್ನೊಂದು ದಿನ ಬೆಳಿಗ್ಗೆ ಬೇಗ ಹೋಗಿ ಸುಮ್ನೆ ಕೂತು ನೋಡಿದೆ. ಅದೇ ಹುಳುಗಳು ಮೂಲಂಗಿ ಎಲೆಯನ್ನು ತೂತು ತೂತಾಗಿ ಮೇಯುತ್ತಿದ್ದವು. ಕಡ್ಡಿ ತಾಗಿಸಿದ್ದೇ ತಡ, ಸುರುಳಿ ಸುತ್ತಿಕೊಂಡು ಪಟಪಟ ಉದುರಿದವು. ಬಿದ್ದಿದ್ದು ಆ ಕಳೆಯ ಮೇಲೆ! ಇದು ಸಾಸಿವೆ ಗರಗಸ ನೊಣ. ಸಾಸಿವೆ, ಮೂಲಂಗಿ, ಕೋಸು ಒಂದೇ ಕುಟುಂಬದವು ಅಲ್ವಾ, ಇದಕ್ಕೆ ಅವೇ ಊಟ.

ಅಂದಿನಿಂದ ಪುಸ್ತಕದಲ್ಲಿ ‘ಸಿಕ್ಕ ಗಿಡ’, ‘ತಿಂದ ಗಿಡ’ ಅಂತ ಎರಡು ಸಾಲು. ಕಣ್ಣಾರೆ ತಿನ್ನುವುದನ್ನು ಕಂಡರಷ್ಟೇ ಎರಡನೆಯದು ತುಂಬುತ್ತೇನೆ. ಹೂವಿನ ಮೇಲೆ ಸಿಗುವ, ರೆಕ್ಕೆ ಬಂದ ದೊಡ್ಡ ಹುಳುವಿನಿಂದ ಮರಿಯ ಊಟ ತಿಳಿಯುವುದಿಲ್ಲ, ಅದು ಮಕರಂದಕ್ಕೆ ಬಂದಿರಬಹುದು. ಗಿಡದ ಎಲೆ, ಕಾಂಡ, ಹೂವು ಮೂರರ ಫೋಟೋನೂ ತೆಗೆಯುತ್ತೇನೆ. ಎಷ್ಟೋ ಜಾತಿಗಳು ಒಂದೇ ಬಗೆಯ ಗಿಡಕ್ಕೆ ಅಂಟಿಕೊಂಡಿರುವುದರಿಂದ, ಗಿಡ ಸರಿಯಾಗಿ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಎರಡನೇ ಸಲ ಡಬ್ಬಿಯ ತಳಕ್ಕೆ 4 ಸೆಂಟಿಮೀಟರ್ ತೇವದ ಮಣ್ಣು ಹಾಕಿ, ದಿನಾ ಹೊಸ ಮೂಲಂಗಿ ಎಲೆ ಕೊಟ್ಟೆ. ಬೆಳೆದ ಹುಳುಗಳು ಮಣ್ಣಿಗಿಳಿದು ಗೂಡು ಕಟ್ಟಿದವು. ಮೂರನೇ ವಾರ ಒಂದು ಹೊರಗೆ ಬಂತು. ಕಿತ್ತಳೆ ಮೈ, ಕಪ್ಪು ತಲೆ, ಹೊಗೆ ಬಣ್ಣದ ರೆಕ್ಕೆ. ‘ತಿಂದ ಗಿಡ’ ಸಾಲಿನಲ್ಲಿ ಮೂಲಂಗಿ ಅಂತ ಬರೆದೆ.