ಸ್ಕೋಕ್ಲೋಸ್ಟರ್‌ನ ಮುಗಿಯದ ಹಜಾರ

ಸ್ವೀಡನ್ನಿನ ಸ್ಟಾಕ್‌ಹೋಮ್ ಮತ್ತು ಉಪ್ಸಾಲಾ ನಗರಗಳ ನಡುವೆ, ಮೆಲಾರೆನ್ ಸರೋವರದ ದಡದಲ್ಲಿರುವ ಸ್ಕೋಕ್ಲೋಸ್ಟರ್ ಅರಮನೆಯನ್ನು ನಾನು ಎರಡು ಸಲ ನೋಡಬೇಕಾಯಿತು. ಮೊದಲ ಸಲ ಮೋಡ ಕವಿದ ದಿನ, ಅದೂ ತಡವಾಗಿ ಹೋಗಿದ್ದೆ. ಕೋಣೆಗಳಲ್ಲಿ ವಿದ್ಯುದ್ದೀಪವಿಲ್ಲ. ಚಿತ್ರಗಳೆಲ್ಲ ಕಪ್ಪು ಚೌಕಗಳಾಗಿ ಕಂಡವು.

ಎರಡನೇ ಸಲ ಊರಿನಿಂದ ಅಪ್ಪ ಬಂದಿದ್ದರು. ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಈ ಸಲ ಬಿಸಿಲಿರುವ ದಿನ ನೋಡಿಕೊಂಡು ಬೆಳಿಗ್ಗೆಯೇ ಹೊರಟೆವು. ಬೋಲ್ಸ್ಟಾವರೆಗೆ ರೈಲು, ಅಲ್ಲಿಂದ ಬಸ್ಸು. ಆಗಸ್ಟ್ ಆದರೂ ಸ್ವೆಟರ್ ತಂದಿದ್ದೆ. ಒಳಗೆ ಬಿಸಿ ಮಾಡುವ ವ್ಯವಸ್ಥೆ ಇಲ್ಲ, ದಪ್ಪ ಗೋಡೆಗಳು ತಂಪು ಹಿಡಿದಿಟ್ಟಿರುತ್ತವೆ. ಪ್ರತಿ ಕೋಣೆಯಲ್ಲೂ ಮೊದಲು ಎರಡು ನಿಮಿಷ ಸುಮ್ಮನೆ ನಿಂತೆವು. ಕಣ್ಣು ಹೊಂದಿಕೊಂಡ ಮೇಲೆ ಚಿನ್ನದ ಬಣ್ಣದ ಚರ್ಮ ಹೊದಿಸಿದ ಗೋಡೆ ತಾನಾಗಿ ಮಿನುಗತೊಡಗಿತು. ವಿದ್ಯುತ್ ಬೆಳಕಲ್ಲಿ ಈ ಮಿನುಗು ಸಿಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಇದನ್ನು ಕಟ್ಟಿಸಿದವನು ಸ್ವೀಡನ್ನಿನ ಸೇನಾಧಿಪತಿ ಕಾರ್ಲ್ ಗುಸ್ತಾವ್ ರಾಂಗೆಲ್. 1654ರಲ್ಲಿ ಕೆಲಸ ಶುರುವಾಯಿತು, 1676ರಲ್ಲಿ ಅವನು ತೀರಿಕೊಂಡ. ಮಗಳ ಮೂಲಕ ಅರಮನೆ ಬ್ರಾಹೆ ಮನೆತನಕ್ಕೆ ಬಂತು. ಆಸ್ತಿಯನ್ನು ಪಾಲು ಮಾಡಬಾರದು, ಮಾರಬಾರದು ಎಂಬ ಕಟ್ಟಳೆ ಇದ್ದದ್ದರಿಂದ ಮಂಚ, ಕುರ್ಚಿ, ಆಯುಧ, ಪುಸ್ತಕ ಎಲ್ಲ ಇದ್ದಲ್ಲೇ ಉಳಿದವು. ಹೊಸ ಕಾಲಕ್ಕೆ ತಕ್ಕಂತೆ ಯಾರೂ ಹೆಚ್ಚೇನೂ ಬದಲಿಸಲೂ ಇಲ್ಲ. 1967ರಲ್ಲಿ ಸರ್ಕಾರ ಕೊಂಡಿತು. ಇಲ್ಲಿರುವುದರಲ್ಲಿ ಯುದ್ಧದ ಲೂಟಿಯೂ ಸೇರಿದೆ. ಹಣ್ಣು, ತರಕಾರಿ, ಹೂಗಳಿಂದಲೇ ಚಕ್ರವರ್ತಿ ರುಡಾಲ್ಫನ ಮುಖ ಮಾಡಿದ, ಇಟಲಿಯ ಚಿತ್ರಕಾರ ಆರ್ಚಿಂಬೋಲ್ಡೋನ ಚಿತ್ರ ಪ್ರಾಗ್‌ನಿಂದ ಬಂದದ್ದು. ಅದರ ಮುಂದೆ ನಿಂತಾಗ ಮೆಚ್ಚುಗೆಯ ಜೊತೆ ಕಸಿವಿಸಿಯೂ ಆಯಿತು.

ಮಾರ್ಗದರ್ಶಕಿಯ ಜೊತೆ ಮಾತ್ರ ನೋಡಬಹುದಾದ ಮುಗಿಯದ ಹಜಾರಕ್ಕೆ ಹೋದೆವು. ದೊಡ್ಡ ಔತಣಶಾಲೆಯಾಗಬೇಕಿದ್ದ ಜಾಗ. ಒಡೆಯ ಸತ್ತ ಸುದ್ದಿ ಬಂದ ಮೇಲೆ ಕೆಲಸ ಅಲ್ಲಿಗೇ ನಿಂತಿತು. ಗಿಲಾವು ಕಾಣದ ಇಟ್ಟಿಗೆ ಗೋಡೆ, ಬಿಟ್ಟುಹೋದ ಸಲಕರಣೆಗಳು. ಅಲಂಕಾರದ ಕೋಣೆಗಳನ್ನು ಮಾತಿಲ್ಲದೆ ದಾಟಿ ಬಂದಿದ್ದ ಅಪ್ಪ ಇಲ್ಲಿ ಕೈ ಹಿಂದೆ ಕಟ್ಟಿಕೊಂಡು ತೊಲೆಗಳನ್ನು ಒಂದೊಂದಾಗಿ ನೋಡಿದರು.

"ಕೆಲಸದವರಿಗೆ ಕೂಲಿ ಕೊಟ್ಟು ಕಳ್ಸಿದ್ರಾ, ಕೇಳು ಮಗಾ," ಎಂದರು.

ನಾನು ಸ್ವೀಡಿಷ್‌ನಲ್ಲಿ ಕೇಳಿದೆ. ಆಕೆ ಅಪ್ಪನ ಕಡೆ ತಿರುಗಿ, ಯಾವ ಕೆಲಸ ಮಾಡುತ್ತಿದ್ದಿರಿ ಎಂದು ಮೊದಲು ವಿಚಾರಿಸಿದಳು.