ಹಿರಿಯರ ದೂರು ಕೇಳಲು ಠಾಣೆಯ ಸಿಬ್ಬಂದಿಯನ್ನು ಸಜ್ಜುಗೊಳಿಸಿದ ನನ್ನ ಅನುಭವ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಮಾಜ ಕಾರ್ಯಕರ್ತೆಯಾಗಿ ನಾನು ಪೊಲೀಸ್ ಸಿಬ್ಬಂದಿಗೆ ತರಬೇತಿ ನೀಡುತ್ತಾ ಬಂದಿದ್ದೇನೆ. ಹಿರಿಯರ ಮೇಲಿನ ದೌರ್ಜನ್ಯ ಮತ್ತು ಮಾನಸಿಕ ಅಸ್ವಸ್ಥತೆಯನ್ನು ಬೇರೆ ಬೇರೆ ಪಾಠಗಳಾಗಿ ಬೋಧಿಸುವುದು ವಾಡಿಕೆಯಾದರೂ ನಾನು ಎರಡನ್ನೂ ಒಂದೇ ತರಗತಿಯಲ್ಲಿ ಹೇಳುತ್ತೇನೆ, ಏಕೆಂದರೆ ಠಾಣೆಗೆ ಅವು ಒಟ್ಟಿಗೇ ಬರುತ್ತವೆ. "ಸೊಸೆ ಊಟ ಹಾಕುವುದಿಲ್ಲ, ನನ್ನ ಬಳೆ ಕದ್ದಿದ್ದಾಳೆ" ಎಂದು ಅಜ್ಜಿಯೊಬ್ಬರು ದೂರುತ್ತಾರೆ. ಹಿಂದೆಯೇ ಬಂದ ಮಗ "ಸಾರ್, ಅಮ್ಮನಿಗೆ ಅರಳು ಮರಳು, ಬರೆದುಕೊಳ್ಳಬೇಡಿ" ಎನ್ನುತ್ತಾನೆ. ಬಹುಪಾಲು ದೂರುಗಳು ಅಲ್ಲಿಗೇ ನಿಂತುಹೋಗುತ್ತವೆ.

ಮಗ ಹೇಳುವುದು ನಿಜವಿರಬಹುದು. ಮರೆವಿನ ಕಾಯಿಲೆ ಇರುವವರು ತಾವೇ ಎಲ್ಲೋ ಇಟ್ಟ ವಸ್ತುವನ್ನು ಮನೆಯವರು ಕದ್ದರೆಂದು ಗಾಢವಾಗಿ ನಂಬುವುದುಂಟು, ಉಂಡ ಊಟವನ್ನೂ ಮರೆಯುವುದುಂಟು. ಆದರೆ ಯಾರ ಮಾತನ್ನು ಊರು ನಂಬುವುದಿಲ್ಲವೋ ಅವರನ್ನು ಹಸಿವಿನಲ್ಲಿಡುವುದೂ ಅವರ ದುಡ್ಡನ್ನು ಬಾಚಿಕೊಳ್ಳುವುದೂ ಸುಲಭ. ಬಳೆಯ ಮಾತು ಭ್ರಮೆಯಾಗಿದ್ದು ಊಟದ ಮಾತು ಸತ್ಯವಾಗಿರಬಹುದು. ಕಾಯಿಲೆ ಇದೆ ಎಂಬ ಕಾರಣಕ್ಕೆ ದೂರು ರದ್ದಾಗುವುದಿಲ್ಲ ಎಂಬುದೊಂದು ಸಿಬ್ಬಂದಿಯ ಮನಸ್ಸಿಗೆ ಇಳಿದರೆ ನನ್ನ ಕೆಲಸ ಅರ್ಧ ಆದಂತೆಯೇ.

ಇದನ್ನು ಭಾಷಣದಿಂದ ಕಲಿಸಲಾಗುವುದಿಲ್ಲವೆಂದು ನಾನು ಅಭಿನಯ ಮಾಡಿಸುತ್ತೇನೆ. ಒಬ್ಬ ಕಾನ್‌ಸ್ಟೆಬಲ್ ಅಜ್ಜಿಯಾಗುತ್ತಾರೆ, ಇನ್ನೊಬ್ಬರು ಪ್ರತಿ ಪ್ರಶ್ನೆಗೂ ತಾನೇ ಉತ್ತರ ಕೊಡುವ ಮಗನಾಗುತ್ತಾರೆ. ಮಗನನ್ನು ಒರಟಾಗಿ ಹೊರಗಟ್ಟಬಾರದು, ಏಕೆಂದರೆ ರಾತ್ರಿ ಅಜ್ಜಿ ಅವನ ಮನೆಗೇ ಹೋಗಬೇಕಲ್ಲ. ಮನೆಯ ವಿಳಾಸ, ಆಧಾರ್ ವಿವರ ಬರೆಸಿಕೊಳ್ಳುವ ನೆಪದಲ್ಲಿ ಒಬ್ಬರು ಅವನನ್ನು ಪಕ್ಕದ ಮೇಜಿಗೆ ಕರೆದೊಯ್ಯಬೇಕು. "ಮಗ ಹೊಡೆಯುತ್ತಾನಾ?" ಎಂದು ನೇರವಾಗಿ ಕೇಳಿದರೆ ಯಾವ ತಾಯಿಯೂ ಹೌದೆನ್ನುವುದಿಲ್ಲ. ಆದ್ದರಿಂದ "ಅಜ್ಜಿ, ಬೆಳಿಗ್ಗೆ ಏನು ತಿಂದ್ರಿ? ಬಿ.ಪಿ. ಮಾತ್ರೆ ಯಾರು ಕೊಡ್ತಾರೆ? ಪಿಂಚಣಿ ದುಡ್ಡು ಯಾರ ಕೈಲಿರುತ್ತೆ? ರಾತ್ರಿ ಎಲ್ಲಿ ಮಲಗ್ತೀರಿ?" ಎಂದು ಒಂದೊಂದಾಗಿ, ಉತ್ತರಕ್ಕೆ ಕಾಯುತ್ತಾ ಕೇಳಿಸುತ್ತೇನೆ. ಮನೆಗೆ ಹೋದವರು ಬೆಳೆದ ಉಗುರು, ಮೇಲ್ತೋಳಿನ ಒಳಬದಿಯ ಕಂದಿದ ಗುರುತು, ತಿಂಗಳುಗಟ್ಟಲೆ ಮುಟ್ಟದ ಮಾತ್ರೆ ಪಟ್ಟಿ, ಹೊರಗಿನಿಂದ ಹಾಕಿದ ಕೋಣೆಯ ಚಿಲಕ ಇವುಗಳನ್ನು ನೋಡಿ ಬರೆದಿಡಬೇಕು. ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ದಿಢೀರನೆ ಗೊಂದಲಗೊಂಡಿದ್ದರೆ ಅದು ಮರೆವಿನ ಕಾಯಿಲೆಯಲ್ಲ, ಮೂತ್ರದ ಸೋಂಕು ಅಥವಾ ರಕ್ತದಲ್ಲಿ ಸೋಡಿಯಂ ಇಳಿದದ್ದರ ಲಕ್ಷಣವಿರಬಹುದು. ಅವರನ್ನು ಮೊದಲು ಆಸ್ಪತ್ರೆಗೆ ಸೇರಿಸಬೇಕು.

ಕಾನೂನಿನ ಭಾಗವನ್ನು ನಾನು ಚಿಕ್ಕದಾಗಿಯೇ ಮುಗಿಸುತ್ತೇನೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ ಕಲಂ 24ರಂತೆ ಹಿರಿಯರನ್ನು ತೊರೆದುಬಿಡುವುದು 3 ತಿಂಗಳವರೆಗಿನ ಜೈಲುಶಿಕ್ಷೆಗೆ ಅರ್ಹವಾದ ಅಪರಾಧ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ಆ ಷರತ್ತು ಮುರಿದಾಗ, ಕಲಂ 23ರಡಿ ಅನೂರ್ಜಿತವೆಂದು ಘೋಷಿಸಲು ನ್ಯಾಯಮಂಡಳಿಗೆ ಅಧಿಕಾರವಿದೆ. ಆ ನ್ಯಾಯಮಂಡಳಿ ಇರುವ ಉಪವಿಭಾಗಾಧಿಕಾರಿ ಕಚೇರಿಯ ದಾರಿ ತೋರಿಸಿ, ಅರ್ಜಿ ಬರೆಯಲು ನೆರವಾಗುವುದೂ ಠಾಣೆಯ ಕೆಲಸವೆಂದೇ ನಾನು ಹೇಳುತ್ತೇನೆ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಕಲಂ 100ಕ್ಕೆ ಹೆಚ್ಚು ಸಮಯ ಬೇಕಾಗುತ್ತದೆ. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವ ಮಾನಸಿಕ ಅಸ್ವಸ್ಥರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಎದುರಿಗೆ ಒಬ್ಬರೇ ಮಾತಾಡಬೇಕು, ಲಾಠಿ ಜೀಪಿನಲ್ಲೇ ಇರಬೇಕು, ಅವರ ಭ್ರಮೆಯ ಬಗ್ಗೆ ವಾದಿಸಲೂಬಾರದು, ಹೌದೆನ್ನಲೂಬಾರದು. ಪ್ರತಿ ತರಬೇತಿಯಲ್ಲೂ ಯಾರಾದರೊಬ್ಬ ಎಎಸ್‌ಐ ಎದ್ದುನಿಂತು "ಮೇಡಂ, ನಾವು ಕರೆದುಕೊಂಡು ಹೋಗ್ತೀವಿ, ಆಸ್ಪತ್ರೆಯವರು ಬೆಡ್ ಇಲ್ಲ ಅಂತಾರೆ, ಆಮೇಲೆ?" ಎಂದು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ತಪಾಸಣೆಗೆ ವ್ಯವಸ್ಥೆ ಮಾಡುವ ಹೊಣೆಯನ್ನು ಅದೇ ಕಲಂ ವೈದ್ಯಾಧಿಕಾರಿಯ ಮೇಲೆ ಹೊರಿಸಿದೆ. ಆ ಸಾಲನ್ನೂ ನಮ್ಮ ತಂಡದ ಮೊಬೈಲ್ ಸಂಖ್ಯೆಯನ್ನೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ಹಿರಿಯರ ಸಹಾಯವಾಣಿ 14567 ಇವನ್ನೂ ಒಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿ ಠಾಣಾಧಿಕಾರಿಯ ಮೇಜಿನ ಗಾಜಿನಡಿ ಇಡಿಸಿದ್ದೇನೆ.

ತರಬೇತಿಗಿಂತ ಕಷ್ಟವಾದದ್ದು ಅದರ ನಂತರದ ಕೆಲಸ. ಒಂಟಿ ಹಿರಿಯರ ಪಟ್ಟಿಯನ್ನು ಪ್ರತಿ ಠಾಣೆಯೂ ಇಟ್ಟುಕೊಂಡು ತಿಂಗಳಿಗೊಮ್ಮೆಯಾದರೂ ಭೇಟಿ ಕೊಡಬೇಕೆಂದು 2007ರ ಕಾಯ್ದೆಯಡಿಯ ಮಾದರಿ ನಿಯಮಗಳು ಹೇಳುತ್ತವೆ. ಆದರೆ ನಾನು ಕಂಡ ಸಂಕಟಗಳಲ್ಲಿ ಹೆಚ್ಚಿನವು ಮಕ್ಕಳು, ಮೊಮ್ಮಕ್ಕಳು ತುಂಬಿದ ಮನೆಗಳವು, ಅಂಥ ಮನೆಯ ಹಿರಿಯರು ಆ ಪಟ್ಟಿಗೆ ಬರುವುದೇ ಇಲ್ಲ. ಹೀಗಾಗಿ ಒಮ್ಮೆ ದೂರು ಕೊಟ್ಟ ಹಿರಿಯರ ಹೆಸರನ್ನು, ದೂರು ವಾಪಸು ಪಡೆದಿದ್ದರೂ, ಗಸ್ತು ಸಿಬ್ಬಂದಿಯ ಬೀಟ್ ಪುಸ್ತಕಕ್ಕೆ ಸೇರಿಸಿ ಎಂದು ಕೇಳಿಕೊಳ್ಳುತ್ತಿದ್ದೇನೆ. ಕೆಲವು ಠಾಣೆಗಳು ಸೇರಿಸಿವೆ, ಉಳಿದವುಗಳ ಬೆನ್ನು ಬಿಟ್ಟಿಲ್ಲ.